ತಾತನ ತಕ್ಕಡಿಯ ರೂಪಾಯಿ

ಹೋದ ತಿಂಗಳು ಒಂದು ದಿನ ಬಟ್ಟೆ ಹರವಲು ಮಹಡಿ ಹತ್ತಿದಾಗ ಅರಗಿನ ವಾಸನೆ ಮೂಗಿಗೆ ಬಡಿಯಿತು. ಹಿಂದೆ ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲಿಗೆ ಮುದ್ರೆ ಒತ್ತುವಾಗ ಬರುತ್ತಿತ್ತಲ್ಲ, ಅದೇ ವಾಸನೆ. ನೀವು ನನ್ನ ವಯಸ್ಸಿನವರಾಗಿದ್ದರೆ ನಿಮಗೂ ನೆನಪಿರುತ್ತದೆ. ನೋಡಿದರೆ, ನಮ್ಮ ಯಜಮಾನರು ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಭೂತಗನ್ನಡಿ ಹಿಡಿದು, ನನ್ನ ತಾತನ ಬೆಳ್ಳಿ ರೂಪಾಯಿಯನ್ನು ಕಾಯಿಸುತ್ತಿದ್ದರು.

“ಏನ್ರೀ ಮಾಡ್ತಿದ್ದೀರಾ?”

“ಅರಗು ಮೆತ್ತಗಾದ್ರೆ ಎತ್‌ಬುಡ್ಬೋದು ಕಣೇ. ರಾಜನ ಮುಖ ಕಾಣ್ಲಿ ಅಂತ.”

ರೂಪಾಯಿಯನ್ನು ಸೆರಗಿನಲ್ಲಿ ಹಿಡಿದು ಕಿತ್ತುಕೊಂಡು ಕೆಳಗಿಳಿದೆ. ಹದಿನೈದು ದಿನಗಳಿಂದ ನಮ್ಮ ಮನೆಯಲ್ಲಿ ನಡೆಯುತ್ತಿದ್ದ ಚರ್ಚೆಗೆ ಅಂದು ಜಗಳವಾಗಿ ಬಡ್ತಿ ಸಿಕ್ಕಿತು.

ಆ ರೂಪಾಯಿ ನನಗೆ ಬಂದದ್ದು ಸೋದರತ್ತೆ ಗಿರಿಜಮ್ಮನಿಂದ. ತುರುವೇಕೆರೆಯಲ್ಲಿರುವ ಅವರು ಎಂಬತ್ತು ದಾಟಿದ ಮೇಲೆ ತಮ್ಮ ಟ್ರಂಕನ್ನು ಖಾಲಿ ಮಾಡಲು ಹೊರಟಿದ್ದರು. ರೇಷ್ಮೆ ಸೀರೆ ಸೊಸೆಗೆ, ಹಿತ್ತಾಳೆ ದೀಪ ಮಗಳಿಗೆ, ನನಗೆ ಈ ರೂಪಾಯಿ. “ನಮ್ಮಪ್ಪನ ಅಂಗಡೀದು. ನಿಂಗೆ ತಾತ ಅಂದ್ರೆ ಭಕ್ತಿ ಜಾಸ್ತಿ, ಇಟ್ಕೋ” ಎಂದರು. ಒಂದು ಮಗ್ಗುಲಲ್ಲಿ ಇಸವಿ, ಹೂಬಳ್ಳಿ ಚೆನ್ನಾಗಿಯೇ ಕಾಣುತ್ತಿದ್ದವು. ರಾಜನ ಮುಖವಿದ್ದ ಮಗ್ಗುಲಿಗೆ ಮಾತ್ರ ಕಪ್ಪುಗೆಂಪಿನ ಅರಗು ಗಟ್ಟಿಯಾಗಿ ಮೆತ್ತಿಕೊಂಡಿತ್ತು.

ಭಕ್ತಿ ಇದ್ದದ್ದು ನಿಜ. ನೊಣವಿನಕೆರೆಯಲ್ಲಿ ತಾತನ ದಿನಸಿ ಅಂಗಡಿ ಇತ್ತು. ಬೇಸಿಗೆ ರಜೆಯೆಲ್ಲ ನಾನು ಅಲ್ಲೇ, ಬೆಲ್ಲದ ಪಿಂಡಿಗಳ ಪಕ್ಕದಲ್ಲಿ. ತಾತ ತಕ್ಕಡಿ ಎತ್ತಿ, ಮುಳ್ಳು ನಿಲ್ಲುವವರೆಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದನ್ನು ನಾನು ಪ್ರಾರ್ಥನೆ ಎಂದುಕೊಂಡಿದ್ದೆ. ಮುಂದೆ ತಿಪಟೂರಿನಲ್ಲಿ ಗಣಿತದ ಮೇಷ್ಟ್ರಮ್ಮನಾದ ಮೇಲೆ, ತೂಕದ ಪಾಠ ಬಂದಾಗಲೆಲ್ಲ “ನಮ್ಮ ತಾತನ ತಕ್ಕಡಿಯಲ್ಲಿ ಒಂದು ಸಾಸಿವೆ ಹೆಚ್ಚಿಲ್ಲ, ಒಂದು ಸಾಸಿವೆ ಕಡಿಮೆಯಿಲ್ಲ” ಎಂದೇ ಶುರುಮಾಡುತ್ತಿದ್ದೆ. ನಿವೃತ್ತಿಯವರೆಗೂ ಬಿಡದೆ ಹೇಳಿದೆ. ಅದನ್ನು ಕೇಳಿಸಿಕೊಂಡವರಲ್ಲಿ ಎಷ್ಟೋ ಮಂದಿ ಈಗ ಕೊಬ್ಬರಿ ವ್ಯಾಪಾರದಲ್ಲಿದ್ದಾರೆ.

ಯಜಮಾನರದು ಬೇರೆ ದಾರಿ. ವಿದ್ಯುತ್ ಕಚೇರಿಯಿಂದ ನಿವೃತ್ತರಾದಾಗಿನಿಂದ ಅವರಿಗೆ ತಪಾಸಣೆ ಮಾಡಲು ಏನೂ ಸಿಕ್ಕಿರಲಿಲ್ಲ, ರೂಪಾಯಿ ಸಿಕ್ಕಿತು. ಮೊಬೈಲಿನಲ್ಲಿ ಹತ್ತಾರು ವಿಡಿಯೋ ನೋಡಿ, ಹಳೆಯ ನಾಣ್ಯಗಳಿಗೆ ಗ್ರೇಡ್ ಕೊಡುವ ಬೆಂಗಳೂರಿನ ಒಂದು ಸಂಸ್ಥೆಗೆ ಫೋನು ಹಚ್ಚಿದರು. ಅಲ್ಲಿಯ ಹೆಂಗಸು ಬಹಳ ತಾಳ್ಮೆಯವರು. ಹೀಗೇ ಕಳಿಸಿದರೆ ‘ಅರಗು ಹತ್ತಿದೆ’ ಎಂದು ನಮೂದಿಸಿ ಕೆಳಗಿನ ದರ್ಜೆ ಕೊಡುತ್ತಾರಂತೆ. ಮೊದಲು ಅರಗನ್ನು ಕರಗಿಸಿ ತೆಗೆಸಿದರೆ ದರ್ಜೆ ಮೇಲೇರಬಹುದಂತೆ. ಆಮೇಲೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಸೀಲು ಮಾಡುತ್ತಾರೆ.

“ಸೀಲ್ ಮಾಡಿದ್ಮೇಲೆ ಮುಟ್ಟಕ್ಕಾಗಲ್ವಾ?” ಎಂದೆ ನಾನು, ಯಜಮಾನರ ಕೈಯಿಂದ ಫೋನು ತೆಗೆದುಕೊಂಡು.

“ಇಲ್ಲ ಮೇಡಂ, ನೋಡ್ಬೋದು. ಆದ್ರೆ ಒಂದ್ಸಲ ತೆಗೆದಿದ್ದು ವಾಪಸ್ ಬರಲ್ಲ. ಅರಗು ಯಾಕೆ ಬಂತು ಅಂತ ಮೊದಲು ವಿಚಾರಿಸಿ.”

ಯಜಮಾನರು ತೆಗೆಸೋಣ ಎಂದರು, ನಾನು ತಾತನ ಪ್ರಸಾದ ಹಾಗೇ ಇರಲಿ ಎಂದೆ. ಮಹಡಿಯ ಘಟನೆ ನಡೆದದ್ದು ಈ ಹಂತದಲ್ಲಿ. ಕೆಳಗಿಳಿದವಳೇ ಅತ್ತೆಗೆ ಫೋನು ಮಾಡಿದೆ.

“ಅತ್ತೆ, ಈ ರೂಪಾಯಿಗೆ ಅರಗು ಯಾಕೆ ಹತ್ತಿದೆ?”

“ತಕ್ಕಡಿ ತಟ್ಟೆ ಅಡೀಗೆ ಅಂಟ್ಸಿದ್ರು ಕಣೇ.”

“ಯಾವ ತಟ್ಟೆ?”

“ನಿಮ್ ಕಡೆ ಮಳೆ ಬಂತಾ?” ಎಂದು ಕೇಳಿ ಅತ್ತೆ ಫೋನು ಇಟ್ಟರು.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಬೆಳ್ಳಿ ರೂಪಾಯಿಯ ತೂಕ ಒಂದು ತೊಲ. ಅದು ತೂಕದ ಕಲ್ಲು ಇಡುವ ತಟ್ಟೆಯ ಅಡಿಗಿದ್ದರೆ ಗಿರಾಕಿಗೆ ಒಂದು ತೊಲ ಹೆಚ್ಚು. ಸಾಮಾನು ಹಾಕುವ ತಟ್ಟೆಯ ಅಡಿಗಿದ್ದರೆ ಪ್ರತಿಸಲವೂ ಗಿರಾಕಿಗೆ ಒಂದು ತೊಲ ಖೋತಾ. ನನ್ನ ಇಷ್ಟು ವರ್ಷಗಳ ಪಾಠ ಈಗ ಒಂದು ತಟ್ಟೆಯ ಮೇಲೆ ನಿಂತಿತ್ತು.

ಮರುದಿನವೇ ನೊಣವಿನಕೆರೆಯ ಬಸ್ಸು ಹತ್ತಿದೆ. ಅಂಗಡಿಯ ಎದುರು ಮನೆಯ ಪುಟ್ಟತಾಯಮ್ಮ ಇನ್ನೂ ಗಟ್ಟಿಯಾಗಿದ್ದಾರೆ. ಜಗಲಿಯ ಮೇಲೆ ಕೂತು ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದರು.

“ಸಾವ್ಕಾರ್ರ ಮೊಮ್ಮಗಳಲ್ವಾ? ಮೂಗು ನೋಡಿದ್ರೇ ಗೊತ್ತಾಯ್ತದೆ.”

“ಅಜ್ಜಿ, ತಾತನ ತಕ್ಕಡಿ ಅಡೀಲಿ ಒಂದು ರೂಪಾಯಿ ಇತ್ತಂತೆ…”

“ಇತ್ತಲ್ಲ, ಸಾಮಾನು ತಟ್ಟೆ ಅಡೀಲಿ.” ಊರ ಮುಂದೆ ಕೆರೆ ಇದೆ ಎಂದು ಹೇಳುವಷ್ಟು ಸಲೀಸಾಗಿ, ಕುಡುಗೋಲಿನಿಂದ ಕಣ್ಣೆತ್ತದೆ ಹೇಳಿದರು.

“ಊರಿಗೆಲ್ಲ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಅವ್ರು ಮೇಲೆ ಕಟ್ಟೆ ಮೇಲೆ ಕೂತಿರೋರು, ನಾವು ಕೆಳಗೆ ಬೀದೀಲಿ ನಿಂತಿರೋವು. ತಕ್ಕಡಿ ಎತ್ತಿದ್ರೆ ನಮ್ ಕಣ್ಣಿಗೆ ಮೊದ್ಲು ಕಾಣ್ತಿದ್ದದ್ದೇ ತಟ್ಟೆ ಅಡಿ!”

“ಯಾರೂ ಕೇಳ್ಲಿಲ್ವಾ ಮತ್ತೆ?”

“ಕೇಳ್ದೆ ಬುಡ್ತೀವಾ? ತೂಗಿದ್ಮೇಲೆ ‘ಸಾವ್ಕಾರ್ರೇ, ರೂಪಾಯಿ ಕೊಸರು’ ಅನ್ನೋವು. ಮಾತಾಡ್ದೆ ಮೇಲೆ ಒಂದು ಹಿಡಿ ಹಾಕೋರು.”

ಒಂದು ಹಿಡಿ ಎಂದರೆ ಮೂರು ತೊಲಕ್ಕೆ ಕಡಿಮೆಯಿಲ್ಲ. ಅಂದರೆ ತಾತ ಒಂದು ತೊಲ ಕದ್ದು ಮೂರು ತೊಲ ಕೊಡುತ್ತಿದ್ದರು. ನನ್ನೊಳಗಿನ ಮೊಮ್ಮಗಳಿಗಿಂತ ಗಣಿತದ ಮೇಷ್ಟ್ರಮ್ಮನಿಗೇ ಹೆಚ್ಚು ನೋವಾಯಿತು. ಮೋಸ ಮಾಡಿದ್ದಲ್ಲದೆ ಲೆಕ್ಕವೂ ಬಾರದೆ ಹೋಯಿತಲ್ಲ!

“ಕೇಳ್ದೇ ಇದ್ದೋರಿಗೆ?” ಎಂದೆ ಕೊನೆಗೆ.

“ಅವ್ರಿಗೆ ಇಲ್ಲ.” ಪುಟ್ಟತಾಯಮ್ಮ ಕಡ್ಡಿಗಳನ್ನು ಒಟ್ಟುಮಾಡಿ ನೆಲಕ್ಕೆ ಕುಟ್ಟಿ ಸರಿಮಾಡಿದರು. ನನ್ನ ಮುಖ ನೋಡಿ ಅಯ್ಯೋ ಅನ್ನಿಸಿರಬೇಕು. “ನಿಮ್ ತಾತ ಕೆಟ್ಟೋರಲ್ಲ ಕಣವ್ವ. ಅಂಗಡಿಯೋರು.”

ಮನೆಗೆ ಬಂದವಳೇ ಯಜಮಾನರಿಗೆ ಹೇಳಿದೆ, “ಕಳಿಸ್ಬಿಡಿ ಬೆಂಗ್ಳೂರಿಗೆ. ಅರಗು ಒಂಚೂರೂ ಉಳೀಬಾರ್ದು. ಪ್ಲಾಸ್ಟಿಕ್‌ನಲ್ಲೂ ಹಾಕ್ಲಿ, ಮುಟ್ಟೋದೇ ಬೇಡ.” ಅರಗು ಹೋದರೆ ತಾತ ಮತ್ತೆ ಸಾಸಿವೆಯಷ್ಟೂ ತಪ್ಪದವರಾಗುತ್ತಾರೆ ಎಂಬುದು ನನ್ನ ಉಪಾಯ. ಯಜಮಾನರಿಗೆ ಹಬ್ಬವಾಯಿತು. ಕಳಿಸುವ ಮುಂಚೆ ಫೋಟೋ ತೆಗೆಯಬೇಕೆಂದು ಭೂತಗನ್ನಡಿ ಹಿಡಿದು ಕೂತರು. ಐದು ನಿಮಿಷ ಕಳೆದಿರಲಿಲ್ಲ, “ಬಾರೇ ಇಲ್ಲಿ” ಎಂದು ಕೂಗಿದರು. ಆ ದನಿಯಲ್ಲಿ ತಪಾಸಣೆ ಇರಲಿಲ್ಲ.

ನಾಣ್ಯದ ಅಂಚಿನಿಂದ ಹೊರಗೆ ಉಕ್ಕಿದ್ದ ಅರಗಿನ ಮೇಲೆ ಒಂದು ಹೆಬ್ಬೆರಳ ಗುರುತಿತ್ತು. ಗೆರೆಗಳು ಒಂದೊಂದೂ ಸ್ಪಷ್ಟ. ಹುಣಸೆ ಬೀಜದಷ್ಟೇ ಅಗಲ. ತಾತನ ಬೆರಳು ಬಾಳೆಕಾಯಿಯಂತಿತ್ತು.

ಭಾನುವಾರ ಇಬ್ಬರೂ ತುರುವೇಕೆರೆಗೆ ಹೋದೆವು. ಅತ್ತೆಯ ಕೈಗೆ ರೂಪಾಯಿ ಕೊಟ್ಟು, “ಇದು ಒತ್ತಿದ್ದು ನೀವೇ ಅಲ್ವಾ ಅತ್ತೆ?” ಎಂದೆ.

ಅತ್ತೆ ಕನ್ನಡಕ ಏರಿಸಿ ನೋಡಿದರು. ತಮ್ಮ ಹೆಬ್ಬೆರಳನ್ನು ಗುರುತಿನ ಮೇಲಿಟ್ಟರು. ಬೆರಳು ನಾಲ್ಕೂ ಕಡೆ ಹೊರಕ್ಕೆ ಬಂತು. “ನೋಡು, ಎಲ್ಲಿ ಕೂರ್ತದೆ? ನಂದಲ್ಲ.”

ಕಾಫಿ ಬಂತು. ಅರ್ಧ ಲೋಟ ಖಾಲಿಯಾದ ಮೇಲೆ, ಯಾರಿಗೂ ಅಲ್ಲವೆಂಬಂತೆ ಹೇಳಿದರು, “ಎಂಟು ದಿನ ಬೆರಳಲ್ಲಿ ಬೊಬ್ಬೆ ಇತ್ತು. ಅಪ್ಪ ತಟ್ಟೆ ಹಿಡ್ಕೊಂಡ್ರು, ಸಣ್ಣ ಕೈಯಾದ್ರೆ ಸರಿಯಾಗಿ ಒತ್ತುತ್ತೆ ಅಂತ ನನ್ನ ಕರೆದ್ರು. ಆಮೇಲೆ ದಿನಾ ಅವ್ರೇ ಬೆಣ್ಣೆ ಹಚ್ಚೋರು. ಅಮ್ಮ ಕೇಳಿದ್ರೆ ಒಲೆ ಮುಟ್ದೆ ಅನ್ನು ಮಗಾ ಅಂದಿದ್ರು.”

“ನಂದಲ್ಲ ಅಂದ್ರಲ್ಲ ಈಗ?”

“ಅಂದೆ.” ಅತ್ತೆ ಗಂಭೀರವಾಗಿ ಉಳಿದ ಕಾಫಿ ಕುಡಿದರು. ಆಮೇಲೆ ರೂಪಾಯಿಯನ್ನು ಮಡಿಲಿಗೆ ಹಾಕಿಕೊಂಡರು. “ನಾಲ್ಕು ದಿನ ನನ್ನ ಹತ್ರ ಇರ್ಲಿ ಬುಡು.”

ಆ ನಾಲ್ಕು ದಿನ ಕಳೆದು ಈಗ ಇಪ್ಪತ್ತಾಗಿವೆ. ತಾತನನ್ನು ನೆನೆದರೆ ನನಗೀಗ ಕಣ್ಣು ಮುಚ್ಚಿ ಕೂತ ಧರ್ಮಾತ್ಮರು ಕಾಣುವುದಿಲ್ಲ. ಮಗಳ ಬೆರಳಿಗೆ ಬೆಣ್ಣೆ ಸವರುತ್ತ, ಪಿಸುದನಿಯಲ್ಲಿ ಸುಳ್ಳು ಹೇಳಿಕೊಡುತ್ತಿರುವ ಒಬ್ಬ ಮನುಷ್ಯ ಕಾಣುತ್ತಾರೆ. ಆ ಧರ್ಮಾತ್ಮರೆದುರು ಕೈಮುಗಿಯಬಹುದಿತ್ತು ಅಷ್ಟೆ. ಇವರ ಪಕ್ಕದಲ್ಲಿ ಕೂತು ಮಾತಾಡಬಹುದು ಅನ್ನಿಸುತ್ತದೆ.

ಇವತ್ತು ಬೆಳಗ್ಗೆ ಬೆಂಗಳೂರಿನಿಂದ ಫೋನು ಬಂತು. ನಾಣ್ಯ ಇನ್ನೂ ಬಂದಿಲ್ಲವಲ್ಲ, ಅರಗು ತೆಗೆಸುತ್ತೀರಾ, ಹಾಗೇ ಗ್ರೇಡ್ ಮಾಡಿಸುತ್ತೀರಾ ಎಂದು ಆ ಹೆಂಗಸು ಕೇಳಿದರಂತೆ. ಯಜಮಾನರು ಒಂದು ಸಲ ಅಡುಗೆಮನೆಯ ಕಡೆ, ನನ್ನ ಕಡೆ ನೋಡಿ, ಗಂಟಲು ಸರಿಮಾಡಿಕೊಂಡರು.

“ಎರಡೂ ಬೇಡ ಮೇಡಂ. ಅರಗು ಹಾಗೇ ಇರ್ಲಿ. ಅಂಟ್ಸಿದೋರ ಹತ್ರಾನೇ ಇದೆ.”