ಬಾಗಿಲಲ್ಲಿ ಯಾರೂ ನಿಲ್ಲಬಾರದು

ನಮ್ಮ ಮನೆ ಚಿಂಚೋಳಿಯಲ್ಲಿ, ಚಂದ್ರಂಪಳ್ಳಿ ಡ್ಯಾಮಿಗೆ ಹೋಗುವ ದಾರಿಯ ಮೇಲಿದೆ. ಮೇಲಂತಸ್ತಿನಲ್ಲಿ ಎರಡು ಕೋಣೆ ಖಾಲಿ ಬಿದ್ದಿದ್ದವು. ಕಲಬುರಗಿಯಲ್ಲಿ ಓದುವ ಮಗಳು ರಜೆಗೆ ಬಂದವಳು ಅವುಗಳ ಫೋಟೋ ತೆಗೆದು, ಮೊಬೈಲಿನಲ್ಲಿ ಏನೇನೋ ಒತ್ತಿ, "ಅವ್ವಾ, ನೀ ಈಗ ಹೋಮ್‌ಸ್ಟೇ ಮಾಲಕಿ" ಎಂದಳು. ಹುಟ್ಟಿದಾಗಿನಿಂದ ನಾನು ಯಾರದೋ ಮಗಳು, ಯಾರದೋ ಹೆಂಡತಿ, ಯಾರದೋ ಸೊಸೆ. ಮಾಲಕಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂದೇ ಪೇಟೆಗೆ ಹೋಗಿ ಎರಡು ಹೊಸ ಚಾದರ ತಂದೆ.

ಮೊದಲೆಲ್ಲ ಊರಿಗೆ ಬಂದವರು ನೆಂಟರ ಮನೆ ಹುಡುಕುತ್ತಿದ್ದರು. ನೆಂಟರಿಲ್ಲದವರು ಬಸ್‌ಸ್ಟ್ಯಾಂಡಿನ ಲಾಜಿಗೆ ಹೋಗಿ ಟೀವಿ ಇದೆಯೇ, ಬಿಸಿನೀರು ಬರುತ್ತದೆಯೇ ಎಂದು ಕೇಳುತ್ತಿದ್ದರು. ಈಗಿನವರ ರೀತಿಯೇ ಬೇರೆ. ಟೀವಿ ಇದ್ದರೆ ತೆಗೆಯಿರಿ ಎನ್ನುತ್ತಾರೆ. ಹಳೆಯದಾಯಿತೆಂದು ನಾಚಿಕೊಂಡು ನಾನು ಜಮಖಾನೆ ಹಾಸಿ ಮುಚ್ಚಿದ್ದ ಶಹಾಬಾದ್ ಕಲ್ಲಿನ ಪರಸಿಯ ಮೇಲೆ ಬರಿಗಾಲಲ್ಲಿ ನಡೆದು "ಆಹಾ, ಎಷ್ಟು ತಂಪು" ಎಂದು ಕಣ್ಣು ಮುಚ್ಚುತ್ತಾರೆ. ರೊಟ್ಟಿ ಬಡಿಯುವ ಸಪ್ಪಳವನ್ನು ಫೋನಿನಲ್ಲಿ ತುಂಬಿಕೊಳ್ಳುತ್ತಾರೆ. ತಿನ್ನುವುದು ಮಾತ್ರ ಒಂದೂವರೆ ರೊಟ್ಟಿ.

ಅದೇ ನನಗೆ ಮುಳುವಾಯಿತು. ನಮ್ಮ ಕಡೆ ಉಣ್ಣುವವರು ಸಾಕು ಎಂದರೆ ಅದು ಮರ್ಯಾದೆಯ ಮಾತು. ಎರಡನೆಯ ಸಾಕು ಎಂದರೆ ಇನ್ನೊಂದು ಹಾಕಿ ಎಂದು. ಮೂರನೆಯ ಸಲ ಕೈ ಅಡ್ಡ ಹಿಡಿದರೆ ಮಾತ್ರ ನಿಜವಾಗಿ ಸಾಕು. ಬೈಕಿನ ಮೇಲೆ ಹೈದರಾಬಾದಿನಿಂದ ಬಂದ ಮೂವರು ಹುಡುಗರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ತಿಂದು ತಿಂದು ಡ್ಯಾಮು ನೋಡುವ ತ್ರಾಣ ಉಳಿಯದೆ ಮಲಗಿಬಿಟ್ಟರು. ಹೋದ ಮೇಲೆ ಮೊಬೈಲಿನಲ್ಲಿ ಬರೆದರು: "ಊಟ ರುಚಿ. ನಿಲ್ಲಿಸುವ ಉಪಾಯ ತಿಳಿಯಲಿಲ್ಲ." ಐದಕ್ಕೆ ಮೂರು ಚುಕ್ಕಿ.

ಆಮೇಲೆ ಒಬ್ಬಳೇ ಬಂದವಳು ಲ್ಯಾಪ್‌ಟಾಪ್ ಹಿಡಿದು ಕೆಲಸ ಮಾಡುವ ಹುಡುಗಿ. ಅವಳು ಬರೆದದ್ದು: "ಮನೆ ಚೆಂದ, ಪ್ರಶ್ನೆ ಬಹಳ. ನಾನು ಇಂಟರ್‌ವ್ಯೂಗೆ ಬಂದಿರಲಿಲ್ಲ." ಎರಡು ಚುಕ್ಕಿ. ನನಗೆ ಮೈಯೆಲ್ಲ ಉರಿಯಿತು. ಪ್ರಶ್ನೆಯಂತೆ ಪ್ರಶ್ನೆ! ನಾನು ಕೇಳಿದ್ದೇನು? ಯಾವೂರು, ಮದುವೆ ಆಗಿದೆಯೇ, ಆಗದಿದ್ದರೆ ಯಾಕೆ ಆಗಿಲ್ಲ. ಇಷ್ಟೇ. ಇಷ್ಟೂ ಕೇಳದಿದ್ದರೆ ನಮ್ಮೂರಲ್ಲಿ ಬಂದವರು ಬೇಜಾರು ಮಾಡಿಕೊಳ್ಳುತ್ತಾರೆ, ಮಾತಾಡಿಸಲೇ ಇಲ್ಲ ಎಂದು ಹತ್ತು ಮನೆಯಲ್ಲಿ ಹೇಳುತ್ತಾರೆ. ಬಹಳ ಎನ್ನುವಷ್ಟು ಕೇಳಿದ್ದು ಖಂಡಿತ ನಮ್ಮ ಅತ್ತೆಯೇ ಎಂದು ತೀರ್ಮಾನಿಸಿದೆ. ಎಂಬತ್ತು ದಾಟಿದರೂ ಕಟ್ಟೆಯ ಮೇಲೆ ಕೂತು ಬದನೆಕಾಯಿ ಮಾರುವವಳ ಕುಲಗೋತ್ರ ಸೋಸುವ ಮುದುಕಿ ಆಕೆ.

ನಮ್ಮ ಮನೆಯವರು ಸೇಡಂನ ಹೈಸ್ಕೂಲಿನಲ್ಲಿ ಗುಮಾಸ್ತರು. ಸಂಜೆ ಬಸ್ಸಿಳಿದು ಬಂದವರೇ ಎರಡು ಚುಕ್ಕಿ ನೋಡಿ ಹೇಳಿದರು: "ನೋಡು, ಇನ್ನೊಂದು ಸಲ ಹಿಂಗ ಬರದ್ರಂದ್ರ ಮುಗೀತು. ಮ್ಯಾಲಿನ ಕೋಣಿ ಟ್ಯೂಷನ್ ಮಾಸ್ತರಗ ಕೊಟ್ಟುಬಿಡ್ತೀನಿ. ಭಾಳ ದಿನದಿಂದ ಕೇಳ್ಲಿಕತ್ತಾನ." ತಲೆಯ ಮೇಲೆ ನಲವತ್ತು ಹುಡುಗರು ಮಗ್ಗಿ ಒದರುವುದು, ನಾನು ಮತ್ತೆ ಬರೀ ಸೊಸೆಯಾಗುವುದು.

ಮುಂದಿನ ವಾರವೇ ಬೆಂಗಳೂರಿನ ಗಂಡಹೆಂಡತಿಯಿಂದ ಸಂದೇಶ ಬಂತು. ಎರಡು ದಿನ ಇರುತ್ತಾರಂತೆ. "ಕೀಲಿ ಎಲ್ಲಾದರೂ ಇಟ್ಟಿರಿ, ನಾವೇ ತಗೊಳ್ಳುತ್ತೇವೆ. ಬಾಗಿಲಲ್ಲಿ ಯಾರೂ ನಿಲ್ಲುವುದು ಬೇಡ. ನಮಗೆ ಸ್ವಲ್ಪ ಏಕಾಂತ ಬೇಕು."

ಅತ್ತೆಗೆ ಓದಿ ಹೇಳಿದೆ. ಆಕೆ ಬಾಯಿಗೆ ಸೆರಗು ಹಿಡಿದಳು. "ಮನಿಗಿ ಮಂದಿ ಬರೂ ಹೊತ್ತಿನ್ಯಾಗ ಒಳಗ ಅಡಗಿ ಕುಂದ್ರೂದಾ? ಕಳ್ಳ ಬಂದ್ರೂ ಯಾಂವ ಅಂತ ಕೇಳ್ತೀವಲ್ಲ!"

"ಅತ್ತಿ, ಕಾಲಿಗಿ ಬೀಳ್ತೀನಿ. ಎರಡು ದಿನ ನೀವು ಹೊರಗ ಬರಬ್ಯಾಡ್ರಿ. ಒಂದ್ ಮಾತೂ ಆಡಬ್ಯಾಡ್ರಿ."

"ಆಯ್ತು ಬಿಡವಾ. ಮಾಲಕಿ ನೀನೇ" ಎಂದಳು. ಆ ಮಾತಿನಲ್ಲಿದ್ದ ಖಾರಕ್ಕೆ ನನ್ನ ಕಿವಿ ಬಿಸಿಯಾಯಿತು.

ಕೀಲಿಯನ್ನು ಮೆಟ್ಟಿಲ ಮೇಲೆ ಬೋರಲು ಹಾಕಿದ ತಂಬಿಗೆಯ ಕೆಳಗಿಟ್ಟೆ. ಬೆಳಿಗ್ಗೆ ಅವರು ಬಂದಾಗ ನಾನೂ ಅತ್ತೆಯೂ ಅಡುಗೆಮನೆಯ ಕದ ಮುಚ್ಚಿಕೊಂಡು ಕೂತಿದ್ದೆವು. ನಮ್ಮ ಮನೆಯಲ್ಲಿ ನಾವೇ ಕಳ್ಳರು! ಅವರ ಹೆಜ್ಜೆ ಸಪ್ಪಳ ಕೇಳಿದ್ದೇ ಅತ್ತೆಯ ಕೈ ತಾನಾಗಿ ನೀರಿನ ಕೊಡಕ್ಕೆ ಹೋಯಿತು. ಸೆರಗು ಹಿಡಿದು ಜಗ್ಗಿ ಕೂರಿಸಿದೆ. ವಾಡಿಯಲ್ಲಿ ರೈಲಿಳಿದು, ಚಿತ್ತಾಪುರ, ಸೇಡಂ ದಾಟಿ ಬಂದರೆಂದು ಆಮೇಲೆ ಬಾಡಿಗೆ ಕಾರಿನವನಿಂದ ತಿಳಿದುಕೊಂಡೆ. ಅವರನ್ನು ಕೇಳುವ ಹಾಗಿರಲಿಲ್ಲ, ಕಾರಿನವನನ್ನು ಕೇಳಬಾರದೆಂದು ಯಾರೂ ಬರೆದಿರಲಿಲ್ಲ.

ಇನ್ನು ಓಣಿ. ಒಂದು ಮನೆಗೆ ಬಂದವರು ನಮ್ಮಲ್ಲಿ ಇಡೀ ಓಣಿಗೇ ಬಂದ ಹಾಗೆ. ಪಕ್ಕದ ಮನೆಯಾಕೆ ಆಗಲೇ ಶೇಂಗಾ ಹೋಳಿಗೆಯ ತಾಟು ಹಿಡಿದು ಹಾಜರು. "ಮೆಹಮಾನ್ರು ಎಲ್ಲವ್ರು? ಒಂದೀಟು ಮಾರಿ ನೋಡಿ ಹೋಗ್ತೀನಿ." ಏನು ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ: "ಬ್ಯಾಡವ್ವಾ, ಅವರಿಗಿ ಕೆಮ್ಮು ಅದ." ನನ್ನ ಬಾಯಿಂದ ಹೊರಟಾಗ ಅದು ಬರೀ ಕೆಮ್ಮು. ಓಣಿಯ ತುದಿ ಮುಟ್ಟುವಷ್ಟರಲ್ಲಿ ದೊಡ್ಡ ರೋಗವಾಗಿತ್ತು. ಮಂದಿ ಮೂಗು ಮುಚ್ಚಿಕೊಂಡು ನಮ್ಮ ಮನೆ ದಾಟತೊಡಗಿದರು. ಹೋಳಿಗೆಯನ್ನು ಮಾತ್ರ ನಾನು ವಾಪಸು ಕೊಡಲಿಲ್ಲ.

ಊಟದ ಡಬ್ಬಿ ಮೆಟ್ಟಿಲ ತುದಿಗಿಟ್ಟು, ಬಾಗಿಲು ಬಡಿದು ಓಡಿ ಬರುತ್ತಿದ್ದೆ. ಡಬ್ಬಿ ತೊಳೆದು ವಾಪಸು ಬರುತ್ತಿತ್ತು. ಎರಡು ದಿನ ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ಮಧ್ಯಾಹ್ನ ಅತ್ತೆ ಒಳಗೆ ಬೇಳೆ ಆರಿಸುತ್ತ ಕೂತಿರುವುದನ್ನು ನೋಡಿ, ನಿಶ್ಚಿಂತೆಯಿಂದ ಒಂದು ತಾಸು ಮಲಗುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಕಾರು ಬಂತು. ಇಬ್ಬರೂ ಕೆಳಗಿಳಿದರು. ಮೂವತ್ತೈದರ ಆಸುಪಾಸು, ಸೌಮ್ಯ ಮುಖಗಳು. ಹೆಣ್ಣುಮಗಳು ನನ್ನನ್ನು ದಾಟಿ ನೇರ ಒಳಗೆ ಹೋಗಿ, ಅತ್ತೆಯ ಕಾಲು ಮುಟ್ಟಿ, "ಅಜ್ಜಿ, ಬರ್ತೀವಿ" ಎಂದಳು. ನಾನು ಕಣ್ಣು ಬಿಟ್ಟು ನಿಂತೆ. ಇವರಿಗೆ ಈಕೆ ಯಾವಾಗ ಅಜ್ಜಿಯಾದಳು? ಆ ಗಲಿಬಿಲಿಯಲ್ಲೋ ಏನೋ, ಎರಡು ದಿನ ಕಟ್ಟಿಹಾಕಿದ್ದ ನಾಲಿಗೆ ಬಿಚ್ಚಿಕೊಂಡಿತು. "ಮಕ್ಕಳನ್ನ ಯಾರ ಹಂತ್ಯಾಕ ಬಿಟ್ಟು ಬಂದೀರಿ?"

ಅವಳ ಮುಖದಲ್ಲಿದ್ದ ನಗು ಹಾಗೇ ನಿಂತುಬಿಟ್ಟಿತು. ಗಂಡ ಚೀಲದ ಜಿಪ್ಪು ಎಳೆಯುತ್ತ ನೆಲ ನೋಡಿದ. ಅತ್ತೆ ಎದ್ದು ಅವಳ ಬೆನ್ನ ಮೇಲೆ ಕೈಯಿಟ್ಟು, "ಗಾಡಿ ನಿಂತದ, ಬಿಸಿಲೇರ್ತದ. ಹೋಗಿ ಬರ್ರೆವಾ" ಎಂದು ಬಾಗಿಲವರೆಗೆ ನಡೆಸಿಕೊಂಡು ಹೋದಳು. ಕಾರು ಹೋಯಿತು. ನನ್ನ ಹೋಮ್‌ಸ್ಟೇಯೂ ಅದರ ಹಿಂದೆಯೇ ಹೋಯಿತು ಎಂದುಕೊಂಡೆ.

ನಾಲ್ಕು ದಿನ ಬಿಟ್ಟು ಅವರು ಬರೆದದ್ದು ಬಂತು. ಮನೆಯವರೇ ಗಟ್ಟಿಯಾಗಿ ಓದಿದರು. "ಮದುವೆಯಾಗಿ ಒಂಬತ್ತು ವರ್ಷ. ಎಲ್ಲಿ ಹೋದರೂ ಅದೇ ಒಂದು ಪ್ರಶ್ನೆ, ಅದಕ್ಕೇ ಯಾರನ್ನೂ ನೋಡುವುದು ಬೇಡ ಎಂದಿದ್ದೆವು. ಆದರೆ ಎರಡು ದಿನವೂ ಮಧ್ಯಾಹ್ನ ಮನೆಯ ಅಜ್ಜಿ ಮೊರ ಹಿಡಿದು ಮಾಳಿಗೆಗೆ ಬಂದರು. ನಮಗೂ ಒಂದೊಂದು ಹಿಡಿ ಬೇಳೆ ಕೊಟ್ಟು ಕಲ್ಲು ಆರಿಸಲು ಕೂರಿಸಿದರು. ಏನೂ ಕೇಳಲಿಲ್ಲ. ಹೊರಡುವಾಗ ಬಂದ ಒಂದು ಪ್ರಶ್ನೆ ಬಿಟ್ಟರೆ ಎಲ್ಲವೂ ಚೆನ್ನಾಗಿತ್ತು. ದಯವಿಟ್ಟು ಅಜ್ಜಿಯನ್ನು ಬಚ್ಚಿಡಬೇಡಿ." ನಾಲ್ಕು ಚುಕ್ಕಿ.

ಮನೆಯವರು ನನ್ನ ಮುಖ ನೋಡಿ, "ಇರ್ಲಿ, ಮಾಸ್ತರಗ ಬ್ಯಾಡಂತ ಹೇಳ್ತೀನಿ" ಎಂದರು. ಉಳಿಯಿತು ಎಂದು ಕುಣಿಯಬೇಕಿತ್ತು. ಕುಣಿಯಲಾಗಲಿಲ್ಲ, ಆ ಒಂದು ಪ್ರಶ್ನೆ ಯಾರದೆಂದು ಮೂವರಿಗೂ ಗೊತ್ತಿತ್ತು. ಸಿಟ್ಟು ಅತ್ತೆಯ ಮೇಲೆ ತಿರುಗಿತು. "ಮಣಕಾಲು ನೋಯ್ತಾವಂತ ಹತ್ತು ವರ್ಷ ಮ್ಯಾಲ ಏರಲಾರದವರು ಈಗ ಹೆಂಗ ಏರಿದ್ರಿ? ಬದನಿಕಾಯಿ ಮಾರಾಕಿನ್ನ ನೂರು ಕೇಳ್ತೀರಿ, ಇವರಿಗಿ ಯಾಕ ಕೇಳ್ಲಿಲ್ಲ?"

ಅತ್ತೆ ಮೊರದಿಂದ ಕಣ್ಣೆತ್ತಲಿಲ್ಲ. "ಆ ಹುಡುಗಿ ಮಾರಿ ನೋಡಿದ್ರ ತಿಳೀತದಲ್ಲವಾ. ನಿನ್ನ ಮದುವ್ಯಾಗಿ ಏಳು ವರ್ಷ ಹೊಟ್ಟಿ ತೆರೀಲಿಲ್ಲ. ನಾ ಒಂದ್ ಸಲ ಕೇಳೀನೇನು?"

ನಿಂತಲ್ಲೇ ನೆನಪು ಕೆದಕಿದೆ. ಓಣಿ ಕೇಳಿತ್ತು. ತವರು ಕೇಳಿತ್ತು. ಹೆತ್ತ ತಾಯಿಯೇ ಪ್ರತಿ ಹಬ್ಬಕ್ಕೂ ಕೇಳಿ ಅಳಿಸಿದ್ದಳು. ಅತ್ತೆ ಕೇಳಿರಲಿಲ್ಲ, ಒಂದು ಸಲವೂ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು, ಮಲಗಿ, ಜಗಳಾಡಿ, ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಅಂಥವಳನ್ನು ನಾನು, ಬಂದವರ ಮನಸ್ಸು ನೋಯಿಸಿಯಾಳು ಎಂದು, ಎರಡು ದಿನ ಅಡುಗೆಮನೆಯಲ್ಲಿ ಬಚ್ಚಿಟ್ಟಿದ್ದೆ.