ವೀರಾಚಾರ್ರ ಅಳತೆಯ ದಾರಗಳು

ವೀರಾಚಾರ್ರ ಅಂಗಡಿಯ ಗೋಡೆಯ ತುಂಬ ಗಂಟು ಹಾಕಿದ ದಾರಗಳು ನೇತಾಡುತ್ತಿದ್ದವು. ಹೊಸಬರು ನೋಡಿದರೆ ಯಾರೋ ಹರಕೆ ಕಟ್ಟಿಕೊಂಡಿದ್ದಾರೆ ಅಂದುಕೊಳ್ಳಬೇಕು. ಆದರೆ ಅಲ್ಲಿ ಒಂದೊಂದು ಮೊಳೆ ಒಂದೊಂದು ಗಾಡಿಯ ಹೆಸರಿನದು. ದಾವಣಗೆರೆಗೂ ಹರಿಹರಕ್ಕೂ ನಡುವೆ ಓಡಾಡುವ ಬಸ್ಸು, ಹತ್ತಿ ಹೇರುವ ಲಾರಿ, ಸಾಹುಕಾರರ ಕಾರು, ಎಲ್ಲದರ ಕಮಾನಿನ ಅಳತೆಯೂ ಆ ಗೋಡೆಯಲ್ಲಿತ್ತು. ಗಾಡಿಯ ಭಾರವನ್ನೆಲ್ಲ ಚಕ್ರದ ಮೇಲೆ ಹೊತ್ತು ನಿಲ್ಲುವ ಬಾಗಿದ ಉಕ್ಕಿನ ಪಟ್ಟಿಗಳಿಗೆ ನಾವು ಕಮಾನು ಅನ್ನುತ್ತಿದ್ದೆವು. ಎಡಗಡೆಯ ಕಮಾನಿಗೆ ಬಿಳಿ ದಾರ, ಬಲಗಡೆಯದಕ್ಕೆ ಅರಿಶಿನ ಹಚ್ಚಿದ ದಾರ. ಪಟ್ಟಿಯ ಮುಂದಿನ ತುದಿಯಿಂದ ನಡುವಿನ ಬೋಲ್ಟಿಗೆ ಒಂದು ಗಂಟು, ಅಲ್ಲಿಂದ ಹಿಂದಿನ ತುದಿಗೆ ಇನ್ನೊಂದು. ಅಕ್ಷರ ಕಲಿಯದ ಆಚಾರ್ರಿಗೆ ಇದೇ ಲೆಕ್ಕಪುಸ್ತಕ.

ಕುಳ್ಳ ಆಳು. ಕುಲುಮೆಯ ಕಿಡಿಗೆ ಸುಟ್ಟು ಸುಟ್ಟು ಹುಬ್ಬೇ ಉಳಿದಿರಲಿಲ್ಲ, ಹಾಗಾಗಿ ಸುಮ್ಮನೆ ಕೂತಾಗಲೂ ಯಾವುದಕ್ಕೋ ಬೆರಗಾದವರಂತೆ ಕಾಣುತ್ತಿದ್ದರು. ಗಾಡಿ ಬಂದರೆ ಮೊದಲು ಅದರ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಬೀಡಿ ಮುಗಿಯುವ ತನಕ ನೋಡುತ್ತಿದ್ದರು. "ಗಾಡಿಗೂ ಸೊಂಟ ಇರತೈತ್ರಿ. ಯಾವ ಕಡಿ ನೋಯತೈತಿ ಅಂತ ಅದೇ ತೋರಸತೈತಿ," ಅನ್ನುವುದು ಅವರ ಮಾತು.

ಒಮ್ಮೆ ಒಬ್ಬ ಹತ್ತಿ ಸಾಹುಕಾರರು ಮುಂಬಯಿಯಿಂದ ತರಿಸಿದ ಹೊಸ ಕಮಾನನ್ನು ಪೆಟ್ಟಿಗೆ ಸಮೇತ ಹೊರಿಸಿಕೊಂಡು ಬಂದರು. ಆಚಾರ್ರು ಪಟ್ಟಿಯ ಮೇಲೆ ಆ ಕಾರಿನ ದಾರ ಹಿಡಿದರು, ಎರಡು ಸಲ ತಟ್ಟಿ ಕಿವಿಗೊಟ್ಟರು, ವಾಪಸ್ ಪೆಟ್ಟಿಗೆಗೆ ಹಾಕಿದರು.

"ಇದು ನಿಮ್ಮ ಕಾರಿಂದಲ್ರಿ ಸಾಹುಕಾರ್ರೇ."

"ನಂಬರ್ ಸರಿ ಐತಲ್ಲೋ! ಪುಸ್ತಕದಾಗೆ ಹಂಗೇ ಐತೆ."

"ನಂಬರ್ ಓದೋದು ಟಪಾಲಿನೋರ ಕೆಲಸ ರೀ. ನಿಮ್ಮ ಕಾರು ನಿಮ್ಮನ್ನ ಹೊತ್ಕೊಂಡು ಹತ್ತು ವರ್ಷ ಆತು. ಮುಂಬೈನೋರಿಗೆ ನಿಮ್ಮ ತೂಕ ಗೊತ್ತೈತೇನ್ರಿ?"

ಸಾಹುಕಾರರು ಕೆಂಪಗಾಗಿ ಹೊರಟೇಹೋದರು. ಬೇರೆಲ್ಲೋ ಹಾಕಿಸಿಕೊಂಡು, ಹದಿನೈದು ದಿನಕ್ಕೆ ಬೆನ್ನು ಹಿಡಿದುಕೊಂಡು ವಾಪಸ್ ಬಂದರು. ಆಚಾರ್ರು ಸ್ಟೂಲಿನ ಮೇಲಿನ ಮಸಿ ಒರೆಸಿ, "ಕೂಡ್ರಿ," ಅಂದರು. ನಗಬಹುದಾದ ಹೊತ್ತಿನಲ್ಲಿ ನಗದೆ ಇರುವ ದೊಡ್ಡತನ ಅವರಿಗಿತ್ತು.

ಇಂಥವರಿಗೆ ನಾನು ಮಾಡಿದ್ದನ್ನು ಈಗ ಹೇಳಬೇಕು.

ನಾನಾಗ ದಾವಣಗೆರೆ ಹರಿಹರದ ನಡುವೆ ಬಸ್ಸು ಓಡಿಸುತ್ತಿದ್ದೆ. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಲಾರಿಯ ಮೈಮೇಲೆ ಕಟ್ಟಿದ ಬಸ್ಸು ಅದು. ಎಡಗಡೆಯಿದ್ದ ಸ್ಟೇರಿಂಗನ್ನು ಬಲಕ್ಕೆ ತಂದಿದ್ದರು. ಬಲಕ್ಕೆ ಬಿದ್ದ ಹೆಚ್ಚಿನ ಭಾರಕ್ಕೆ ತಕ್ಕಂತೆ ಆಚಾರ್ರು ಆ ಕಡೆಗೆ ಬೇರೆಯೇ ಕಮಾನು ಮಾಡಿ ಹಾಕಿದ್ದರು. ಮೇಲ್ನೋಟಕ್ಕೆ ಎರಡೂ ಒಂದೇ. ನಡುವಿನ ಬೋಲ್ಟು ಮಾತ್ರ ಒಂದು ಬೆರಳಷ್ಟು ಆಚೀಚೆ.

ಒಂದು ಮಳೆಗಾಲದಲ್ಲಿ ಹರಿಹರದ ಹತ್ತಿರ ಮುಂದಿನ ಬಲಗಡೆಯ ಕಮಾನು ಮುರಿಯಿತು. ಒಂದು ತುಂಡು ದಾರಿಯಲ್ಲೇ ಬಿದ್ದುಹೋಗಿತ್ತು. ನಾನು ಬೇರೆ ಬಸ್ಸು ಹತ್ತಿ ದಾವಣಗೆರೆಗೆ, ಆಚಾರ್ರ ಅಂಗಡಿಗೆ ಬಂದೆ. ಅವರು ಗೋಡೆಯ ಹಳೆಯ ಹಳದಿ ದಾರ ಕಿತ್ತು ಕುಲುಮೆಗೆ ಎಸೆದು, ಹೊಸ ದಾರ ಕೈಗೆ ಕೊಟ್ಟರು. ಕಮಾನು ವರ್ಷ ವರ್ಷಕ್ಕೆ ಭಾರಕ್ಕೆ ತಗ್ಗಿ ಕೂರುತ್ತದೆ, ಪ್ರತಿ ಸಲವೂ ಹೊಸದಾಗಿ ಅಳೆಯಬೇಕು, ಅಳೆಯುವವನು ಗಾಡಿ ಓಡಿಸುವವನೇ ಆಗಿರಬೇಕು ಎಂಬುದು ಅವರ ಕಟ್ಟಳೆ.

"ಮುರದ ಕಡೀನೇ ಮಲಕ್ಕೊಂಡು ಅಳೀರಿ ಬಸಣ್ಣ. ಅಂಗಿ ಕೊಳಿ ಆದ್ರ ಆಗ್ಲಿ," ಅಂದರು.

ಹರಿಹರಕ್ಕೆ ಹೋಗಿ ನೋಡಿದರೆ ಬಲಗಡೆಯ ಚಕ್ರ ಮೊಣಕಾಲುದ್ದ ಕೆಸರಲ್ಲಿ ಕೂತಿತ್ತು. ಎಡಗಡೆ ಒಣಗಿತ್ತು. ಅಂಗಿ ಹೊಸದು. ನೋಡುವುದಕ್ಕೆ ಎರಡೂ ಕಡೆ ಇರುವುದು ಒಂದೇ ಅಲ್ಲವೇ ಅಂದುಕೊಂಡು ಎಡಗಡೆಯದನ್ನೇ ಅಳೆದೆ, ಗಂಟು ಹಾಕಿದೆ, ಹೋಟೆಲಿನವನ ಹತ್ತಿರ ಚಿಟಿಕೆ ಅರಿಶಿನ ಇಸಕೊಂಡು ಹಚ್ಚಿದೆ.

"ಬಲಕ್ಕ ಅಳದ್ರಿ ಹೌದಲ್ರಿ?" ಆಚಾರ್ರು ಕೇಳಿದರು.

"ಹೌದ್ರಿ."

ಅವರು ಅದರಂತೆಯೇ ಮಾಡಿದರು. ನಾನು ತಂದು ಹಾಕಿದೆ. ಮುಂದಿನ ಚಕ್ರಗಳ ಅಚ್ಚು ಬಲಗಡೆ ಒಂದು ಬೆರಳು ಮುಂದಕ್ಕೆ ಕೂತಿತು. ಬಸ್ಸು ಎಡಕ್ಕೆ ಎಳೆಯುತ್ತಿದ್ದದ್ದು ಕೈಗೆ ತಿಳಿಯುತ್ತಿತ್ತು. ನಾಳೆ ನೋಡಿದರಾಯಿತು ಅಂತ ಸ್ಟೇರಿಂಗನ್ನು ಬಲಕ್ಕೆ ಒತ್ತಿಕೊಂಡೇ ಓಡಿಸಿದೆ. ಮೂರನೆಯ ದಿನ ಬೆಳಿಗ್ಗೆ, ತುಂಗಭದ್ರಾ ಸೇತುವೆ ಇನ್ನೂ ಅರ್ಧ ಮೈಲಿ ಇರುವಾಗ, ಎದುರಿಗೆ ಬಂದ ಎತ್ತಿನ ಚಕ್ಕಡಿಗೆ ಬ್ರೇಕ್ ಒತ್ತಿದೆ. ಬಸ್ಸು ಎಡಕ್ಕೆ ಜಗ್ಗಿಕೊಂಡು ಹೋಗಿ ಮಗ್ಗುಲಾಯಿತು. ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದ ಕಂಡಕ್ಟರ್ ರುದ್ರಪ್ಪನ ಎಡಗಾಲು ಅಡಿಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು.

ಸುದ್ದಿ ಕೇಳಿ ಆಚಾರ್ರು ಹರಿಹರಕ್ಕೆ ಓಡಿಬಂದರು. ಅವರು ಆಸ್ಪತ್ರೆಯಲ್ಲಿದ್ದಾಗ ನಾನು ದಾವಣಗೆರೆಗೆ ಬಂದೆ. ಬಿಕೋ ಅನ್ನುತ್ತಿದ್ದ ಅಂಗಡಿಯ ಗೋಡೆಯಿಂದ ನಾನು ಗಂಟು ಹಾಕಿ ಕೊಟ್ಟಿದ್ದ ಆ ಹಳದಿ ದಾರ ಬಿಚ್ಚಿ ಬೂದಿ ಮುಚ್ಚಿದ ಕೆಂಡಕ್ಕೆ ಹಾಕಿದೆ. ಹೆದರಿದ್ದೆ. ಮನೆಯಲ್ಲಿ ಎರಡು ಎಳೆಯ ಮಕ್ಕಳು, ಜೈಲಿನ ಭಯ. ಇವೆಲ್ಲ ನಿಜವಾದರೂ ನಾನು ಮಾಡಿದ್ದು ಹೇಡಿಯ ಕೆಲಸವೇ.

ಮರುದಿನ ಆಚಾರ್ರು ಬಸ್ಸಿನಿಂದ ಬಿಚ್ಚಿಸಿದ ಕಮಾನನ್ನು ಅಂಗಡಿಯಲ್ಲಿ ಹರವಿದರು. ಮೊಳೆಯಲ್ಲಿ ಉಳಿದಿದ್ದ ಒಂದೇ ಒಂದು ದಾರ, ಎಡಗಡೆಯ ಬಿಳಿಯದನ್ನು, ಅದರ ಮೇಲೆ ಹಿಡಿದರು. ಗಂಟಿಗೆ ಗಂಟು ಸರಿಹೋಯಿತು.

"ಎಡದ ದಾರ ತಗೊಂಡು ಬಲದ ಕಮಾನು ಮಾಡೇನಿ ಬಸಣ್ಣ," ಅಂದರು. "ನೀವು ಕೊಟ್ಟ ದಾರ ಎಲ್ಲಿಟ್ಟೆ ಅಂತಾನೂ ತಿಳೀವಲ್ದು. ಕಣ್ಣಿಗೆ ಬಿಳೀದು ಹಳದಿ ಕಾಣಾಕತ್ತೈತೇನೋ."

ನಾನು ಬಾಯಿ ಬಿಡಲಿಲ್ಲ.

ಅವತ್ತೇ ಕೆಲಸ ನಿಲ್ಲಿಸಿದರು. ಗೋಡೆಯ ದಾರಗಳನ್ನೆಲ್ಲ ತಾವೇ ತೆಗೆದು ಸುಟ್ಟರು. ಡ್ರೈವರುಗಳು, ಮಾಲೀಕರು, ಆ ಹತ್ತಿ ಸಾಹುಕಾರರು ಕೂಡ ಬಂದು ಬೇಡಿಕೊಂಡರು. "ಬ್ಯಾಡ್ರಿ, ಈ ಕೈ ಇನ್ನ ನಂಬಬ್ಯಾಡ್ರಿ," ಅನ್ನುವುದೇ ಉತ್ತರ. ಆಮೇಲೆ ಅವರು ಮಾಡಿದ್ದು ಒಂದೇ ವಸ್ತು, ರುದ್ರಪ್ಪನ ಊರುಗೋಲು. ಅದಕ್ಕಾಗಿ ಹರಿಹರಕ್ಕೆ ಮೂರು ಸಲ ಹೋಗಿ ಮೂರು ಸಲವೂ ಅಳೆದರಂತೆ. ಮೂರು ಸಲ ಅಳೆದರೂ ಸಾಲದೆ ಅವನ ಹೆಂಡತಿಯ ಕೈಯಲ್ಲಿ ಇನ್ನೊಮ್ಮೆ ಅಳೆಸಿದರಂತೆ. ರುದ್ರಪ್ಪ ಇದನ್ನು ನನಗೆ ನಗುತ್ತಲೇ ಹೇಳಿದ. ನನಗೆ ಆ ಜಾಗದಲ್ಲಿ ನಿಲ್ಲಲಾಗಲಿಲ್ಲ.

ಆರು ವರ್ಷ ಹೀಗೇ ಕಳೆದೆ. ಕಡೆಗೆ ಒಂದು ದಿನ ಮಧ್ಯಾಹ್ನ ಆನೆಕೊಂಡದಲ್ಲಿದ್ದ ಅವರ ಮನೆಗೆ ಹೋದೆ. ಆಚಾರ್ರು ಪಡಸಾಲೆಯಲ್ಲಿ ಕೂತಿದ್ದರು. ಕೆಲಸವಿಲ್ಲದ ಕೈಗಳು ಬೆಳ್ಳಗಾಗಿದ್ದವು, ಹುಬ್ಬು ಮತ್ತೆ ಬೆಳೆದಿತ್ತು. ಬೇರೆ ಯಾರದೋ ಮುಖದಂತಿತ್ತು.

ಎಲ್ಲವನ್ನೂ ಹೇಳಿದೆ. ಕೆಸರು, ಹೊಸ ಅಂಗಿ, ಹೋಟೆಲಿನ ಅರಿಶಿನ, ಕೆಂಡಕ್ಕೆ ಹಾಕಿದ್ದು, ಏನನ್ನೂ ಬಿಡದೆ ಹೇಳಿ ಕಾಲು ಹಿಡಿದೆ. ಅವರು ಬೈದರೆ, ಹೊಡೆದರೆ ಒಳ್ಳೆಯದೆಂದು ಕಾದೆ. ಅವರು ನನ್ನ ತಲೆ ಸವರಿದರು.

"ನೀವು ಒಳ್ಳೇರು ಬಸಣ್ಣ. ನನ್ನ ಸಮಾಧಾನಕ್ಕ ಅಂತ ಇಷ್ಟು ದೊಡ್ಡ ಕತಿ ಕಟ್ಕೊಂಡು ಬಂದೀರಿ."

"ಇಲ್ಲ ಆಚಾರ್ರೇ, ನಿಜ. ನನ್ನ ಮಕ್ಕಳಾಣೆಗೂ ನಿಜ!"

ಅವರು ತಟ್ಟನೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ಛೇ, ಛೇ. ಒಬ್ಬ ಮುದುಕನ್ನ ಸಮಾಧಾನ ಮಾಡಾಕ ಮಕ್ಕಳ ಮ್ಯಾಲೆ ಸುಳ್ಳಾಣಿ ಇಡತಾರೇನ್ರಿ? ತಪ್ಪು ನಂದು. ದಾರ ಹಿಡದು ನಾನೇ ನೋಡೇನಲ್ರಿ."

ಒಳಗೆ ತಿರುಗಿ ಹೆಂಡತಿಗೆ, "ಬಸಣ್ಣಗ ಒಂದೀಟು ಚಾ ಮಾಡು," ಎಂದು ಕೂಗಿದರು. ನಾನು ಆ ಚಾ ಕುಡಿದೆ.

ಅದೇ ವರ್ಷದ ಆಷಾಢದಲ್ಲಿ ಆಚಾರ್ರು ಹೋದರು. ರುದ್ರಪ್ಪನ ಕಾಲು ಕಳೆದವರು ತಾವೇ ಎಂದು ನಂಬಿಕೊಂಡೇ ಹೋದರು.