ಡ್ರೈ ಇರಲಿ ಅಂದಳು ಲೋರ್ನಾ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ನಮ್ಮೂರಿನ ಯಾವ ಮನೆಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದು ಪಾದ್ರಿಗಿಂತ ಡೆಲ್ ವ್ರೂಮನ್‌ಗೆ ಚೆನ್ನಾಗಿ ಗೊತ್ತಿರುತ್ತಿತ್ತು. ಸೆನೆಕಾ ಸರೋವರದ ಈಚೆ ದಂಡೆಯಲ್ಲಿ ವೈನ್ ಅಂಗಡಿ ಅಂತ ಇರುವುದು ಒಂದೇ. ಅದರ ಗಲ್ಲಾದ ಹಿಂದೆ ಮೂವತ್ತೊಂದು ವರ್ಷದಿಂದ ನಿಂತವನು ಅವನು. ಮದುವೆಯಿಲ್ಲ, ಮಕ್ಕಳಿಲ್ಲ. ಊರ ಉಸಾಬರಿಯೇ ಅವನ ಸಂಸಾರ.

ನವೆಂಬರಿನ ಆ ವಾರ ಬಂದವರೆಲ್ಲ ಒಂದೇ ಪ್ರಶ್ನೆ ತರುತ್ತಿದ್ದರು, ಟರ್ಕಿ ಕೋಳಿಗೆ ಯಾವ ವೈನ್ ಹೊಂದುತ್ತೆ ಅಂತ. "ಟರ್ಕಿ ಬಿಡಿ, ಅದು ಪಾಪದ ಪ್ರಾಣಿ, ಪಕ್ಕದಲ್ಲಿ ಏನಿಟ್ಟರೂ ಸುಮ್ಮನಿರುತ್ತೆ. ಊಟಕ್ಕೆ ಯಾರ್‍ಯಾರು ಬರ್ತಾರೆ ಹೇಳಿ" ಅನ್ನುತ್ತಿದ್ದ ಡೆಲ್. ಅಲ್ಲಿಗೆ ಶುರುವಾಗುತ್ತಿತ್ತು ವಿಚಾರಣೆ. ಪೊಲೀಸರೂ ಅಷ್ಟು ಕೇಳುವುದಿಲ್ಲ. ಶಾಲೆಯ ಬಸ್ಸು ಓಡಿಸುವ ಮಾರ್ಜ್ ಕಿನ್ನಿ ಶನಿವಾರ ಬಂದಾಗಲೂ ಹಾಗೇ ಆಯಿತು.

"ಹೊಸ ಅಳಿಯ ಬರ್ತಿದಾನೆ ಡೆಲ್. ಕ್ಯಾಲಿಫೋರ್ನಿಯಾದವನು. ಡ್ರೈ ವೈನ್ ಬಿಟ್ಟು ಬೇರೆ ಮುಟ್ಟಲ್ವಂತೆ."

"ಹಾಗಂತ ಯಾರು ಹೇಳಿದ್ದು, ಅಳಿಯನಾ ಮಗಳಾ?"

"ಮಗಳು."

"ಅಂದ್ಮೇಲೆ ಅದು ಮಗಳ ಮಾತು. ಅವನು ಕಾಫಿಗೆ ಎಷ್ಟು ಚಮಚ ಸಕ್ಕರೆ ಹಾಕ್ಕೊಳ್ತಾನೆ?"

ಮಾರ್ಜ್ ಯೋಚಿಸಿದಳು. "ಮೂರು. ಮೇಲೆ ಕೆನೆ ಬೇರೆ."

"ನೋಡು ಮತ್ತೆ! ಬಾಯಲ್ಲಿ ಡ್ರೈ, ಗಂಟಲಲ್ಲಿ ಸಿಹಿ. ಎಲ್ಲರದ್ದೂ ಇದೇ ಕತೆ. ಕ್ರ್ಯಾನ್‌ಬೆರಿ ಗೊಜ್ಜು ಸಿಹಿ, ಗೆಣಸು ಸಿಹಿ, ಅದರ ಮೇಲೆ ನೀನು ಸುರಿಯೋ ಸಕ್ಕರೆಪಾಕ ಸಿಹಿ. ಅವುಗಳ ಜೊತೆ ಪೂರಾ ಡ್ರೈ ಕೊಟ್ರೆ ನಿಂಬೆಹಣ್ಣು ಕಚ್ಚಿದ ಹಾಗೆ ಮುಖ ಮಾಡ್ತಾನೆ. ಈ ಬಿಳಿ ವೈನ್, ರೀಸ್ಲಿಂಗ್, ತಗೊಂಡು ಹೋಗು, ಚೂರೇ ಚೂರು ಸಿಹಿ ಇದೆ. ಬಾಟಲಿಗೆ ಟವೆಲ್ ಸುತ್ತಿ ಬಡಿಸು. ಹೆಸರು ಕಾಣದಿದ್ರೆ ಎರಡನೇ ಲೋಟ ತಾನೇ ಕೇಳ್ತಾನೆ. ಹಬ್ಬ ಮುಗಿದ ಸೋಮವಾರ ಬಂದು ಏನಾಯ್ತು ಅಂತ ಒಪ್ಪಿಸು!"

ಬಡಾಯಿಯಲ್ಲ ಅದು. ಹೇಳಿದ್ದು ನಿಜವಾಗುತ್ತದೋ ಇಲ್ಲವೋ ಎಂಬುದು ತಿಳಿಯದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಅವನ ಸ್ವಂತ ಹಬ್ಬದ ಊಟ ಮಾತ್ರ ಪ್ರತಿ ವರ್ಷ ಆಚೆ ದಂಡೆಯಲ್ಲಿ, ಅಕ್ಕ ಲೋರ್ನಾಳ ಮನೆಯಲ್ಲಿ. ಅಡುಗೆ ಅವಳದು, ವೈನ್ ಇವನದು. ಲೋರ್ನಾ ವಿಧವೆ. ಒಬ್ಬನೇ ಮಗ ಗ್ಯಾರೆಟ್, ಡೆಲ್‌ಗೆ ಇಡೀ ಭೂಮಿಯ ಮೇಲಿರುವ ಒಬ್ಬನೇ ಸೋದರಳಿಯ. ಹದಿನಾಲ್ಕರ ವಯಸ್ಸಿನಲ್ಲೇ ಅವನ ಕೈಗೆ ಲೋಟ ಕೊಟ್ಟು, ಇದರಲ್ಲಿ ಯಾವ ಹಣ್ಣಿನ ವಾಸನೆ ಇದೆ ಹೇಳು ಎಂದು ಕಲಿಸಿದವನು ಮಾವನೇ. ಹುಡುಗನ ಮೂಗು ತನಗಿಂತ ಚುರುಕು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಮೆರೆದವನೂ ಅವನೇ.

ಮೂರು ವರ್ಷದ ಹಿಂದೆ ಅದೇ ಗ್ಯಾರೆಟ್ ಹಬ್ಬದ ಊಟದ ನಡುವೆ ಎದ್ದು, "ಇದು ವೈನಾ? ಬರೀ ಸಿಹಿ, ಕೆಮ್ಮಿನ ಔಷಧಿ!" ಎಂದು ಮಾವನ ಮುಂದೆಯೇ ಬಾಟಲಿ ತಳ್ಳಿ, ಬಾಗಿಲು ಬಡಿದು ಹೋದ. ಸಿಹಿಗುಂಬಳದ ಪೈಯನ್ನು ಕತ್ತರಿಸಿಯೂ ಇರಲಿಲ್ಲ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಅವತ್ತು ಅವನೊಬ್ಬನೇ ಎರಡು ಬಾಟಲಿ ಖಾಲಿ ಮಾಡಿದ್ದ ಎಂಬುದು ತಾಯಿಯ ನೆನಪಿನಲ್ಲಿ ಉಳಿಯಿತು. ಕೆಮ್ಮಿನ ಔಷಧಿ ಎಂಬ ಮಾತು ಡೆಲ್‌ನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಇದ್ದ ಒಬ್ಬ ಹುಡುಗ ತನ್ನ ಆಯ್ಕೆ ಸರಿಯಿಲ್ಲದೆ ಕೈತಪ್ಪಿ ಹೋದ ಎಂದೇ ಅವನು ನಂಬಿದ್ದ.

ಭಾನುವಾರ ಮಧ್ಯಾಹ್ನ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಾಗ ಲೋರ್ನಾಳ ಫೋನ್ ಬಂತು.

"ಗ್ಯಾರೆಟ್ ಊಟಕ್ಕೆ ಬರ್ತಿದಾನೆ ಕಣೋ."

ಡೆಲ್ ಕೈಯಲ್ಲಿದ್ದ ಬಾಟಲಿಯನ್ನು ಕೆಳಗಿಟ್ಟ. "ನಿಜವಾಗ್ಲೂ?"

"ನಿಜವಾಗ್ಲೂ. ಈ ಸಲ ಡ್ರೈ ಇರಲಿ ಡೆಲ್. ಅವನು ಪೈ ತಿಂದು ಹೋಗ್ಬೇಕು, ನನಗಿನ್ನೇನೂ ಬೇಡ."

"ನನಗೆ ಬಿಡು!" ಅಂದ ಡೆಲ್.

ಡ್ರೈ ಎಂಬ ಪದಕ್ಕೆ ನಮ್ಮ ಕಡೆ ಎರಡು ಅರ್ಥ. ವೈನ್ ಅಂಗಡಿಯೊಳಗೆ ಅದು ಸಿಹಿಯ ಸುಳಿವಿಲ್ಲದ ವೈನ್. ಅಂಗಡಿಯಿಂದ ಹೊರಗೆ, ಕುಡಿತ ಬಿಟ್ಟವರು ಇರುವ ಮನೆಯಲ್ಲಿ, ಒಂದು ಹನಿಯೂ ಒಳಗೆ ಬರಕೂಡದು ಎಂಬ ಕಟ್ಟಪ್ಪಣೆ. ಲೋರ್ನಾ ಎರಡನೆಯದನ್ನು ಹೇಳಿದಳು, ಡೆಲ್ ಮೊದಲನೆಯದನ್ನು ಕೇಳಿಸಿಕೊಂಡ. ಮಗನ ಕುಡಿತದ ಮಾತನ್ನು ಬಿಡಿಸಿ ಹೇಳುವ ಬಾಯಿ ಅವಳದಲ್ಲ. ಹೋಗಲಿ, ಇವನಾದರೂ ಯಾಕೆ ಅಂತ ಕೇಳಬಹುದಿತ್ತು. ಊರಿಗೆಲ್ಲ ನೂರು ಪ್ರಶ್ನೆ ಹಾಕುವ ಮಹಾರಾಯ ಒಡಹುಟ್ಟಿದವಳಿಗೆ ಒಂದು ಹಾಕಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಇದಕ್ಕೇ.

ಸೋಮವಾರದಿಂದ ಅವನಿಗೆ ಅದೇ ಧ್ಯಾನ. ಸಂಜೆ ಮನೆಗೆ ಹೋಗಿ ಮೂರು ಬಾಟಲಿ ತೆರೆದ, ಮಂಗಳವಾರ ಇನ್ನೂ ಮೂರು. ಬೇಯಿಸಿದ ಕೋಳಿಯ ತುಂಡು ಬಾಯಿಗಿಟ್ಟುಕೊಂಡು ಒಂದೊಂದನ್ನೂ ಪರೀಕ್ಷೆ ಮಾಡಿದ. ಗುಡ್ಡದ ಮೇಲಿನ ತೋಟದ ರೀಸ್ಲಿಂಗ್ ಸಿಹಿಯೇ ಇಲ್ಲದ್ದು, ಗರಗಸದ ಹಾಗೆ ಹರಿತ, ಸೈ. ಕೆಂಪಿನಲ್ಲಿ ಭಾರದ್ದು ಬೇಡ, ಟರ್ಕಿಯ ರುಚಿಯನ್ನೇ ನುಂಗಿಬಿಡುತ್ತದೆ. ಕ್ಯಾಬರ್ನೆ ಫ್ರಾಂಕ್ ಹಗುರ, ಕರಿಮೆಣಸಿನ ಘಮ, ಹುಡುಗ ಲೋಟಕ್ಕೆ ಮೂಗಿಟ್ಟ ಕೂಡಲೇ ಹಿಡಿಯುತ್ತಾನೆ. ಹಿಡಿದು ತನ್ನ ಕಡೆ ನೋಡುತ್ತಾನೆ. ಆ ನೋಟಕ್ಕಾಗಿಯೇ ಡೆಲ್ ಬುಧವಾರ ಕುಣಿಯುತ್ತಾ ಆರು ಬಾಟಲಿ ಆರಿಸಿ ಪೆಟ್ಟಿಗೆಗೆ ಜೋಡಿಸಿದ.

ಗುರುವಾರ ಮಧ್ಯಾಹ್ನ ಸರೋವರ ಬಳಸಿಕೊಂಡು ಹೋಗಿ ಲೋರ್ನಾಳ ಮನೆಯ ಮೆಟ್ಟಿಲು ಹತ್ತಿದಾಗ ಬಾಗಿಲು ತೆರೆದವನು ಗ್ಯಾರೆಟ್. ತೆಳ್ಳಗಾಗಿದ್ದ, ಗಡ್ಡ ಬಿಟ್ಟಿದ್ದ.

"ಬಾ ಡೆಲ್ ಮಾಮ," ಎಂದು ಪೆಟ್ಟಿಗೆಗೆ ಕೈ ಚಾಚಿದ. ತೆಗೆದುಕೊಂಡ ಮೇಲೆ ಒಳಗೆ ಗಾಜು ಕಿಣಿಗುಟ್ಟಿತು. ಅವನು ಹೊಸ್ತಿಲಲ್ಲೇ ನಿಂತುಬಿಟ್ಟ.

"ಏನದು?" ಎನ್ನುತ್ತಾ ಲೋರ್ನಾ ಅಡುಗೆಮನೆಯಿಂದ ಬಂದಳು.

"ಡ್ರೈ ಅಂದ್ಯಲ್ಲ! ಆರಕ್ಕೆ ಆರೂ ಡ್ರೈ. ದೀಪ ಹಚ್ಚಿ ಹುಡುಕಿದ್ರೂ ಒಂದು ಹರಳು ಸಕ್ಕರೆ ಸಿಗಲ್ಲ. ಈಗ ಅನ್ನೋ ನೋಡೋಣ ಗ್ಯಾರೆಟ್, ಕೆಮ್ಮಿನ ಔಷಧಿ ಅಂತ!"

ಲೋರ್ನಾಳ ಮುಖ ಬಿಳಿಚಿಕೊಂಡಿತು. "ಅಯ್ಯೋ ನಿನ್ನ ತಲೆ! ಮನೆ ಡ್ರೈ ಇರಲಿ ಅಂದೆ ಕಣೋ ನಾನು! ಒಂದು ಹನಿ ಬೇಡ ಅಂದೆ!"

ಡೆಲ್ ಅಕ್ಕನನ್ನು ನೋಡಿದ, ಅಳಿಯನನ್ನು ನೋಡಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಗ್ಯಾರೆಟ್... ಬಿಟ್ಟಿದೀಯಾ? ಯಾವಾಗಿಂದ?"

"ಇವತ್ತಿಗೆ ನೂರ ತೊಂಬತ್ತೆರಡು ದಿನ."

"ನನಗೆ ಗೊತ್ತಿರ್ಲಿಲ್ಲಪ್ಪ. ನಿನ್ನಾಣೆ. ಕೊಡಿಲ್ಲಿ, ಕಾರಿಗೆ ಹಾಕ್ತೀನಿ."

"ನಾನೇ ಇಡ್ತೀನಿ ಬಿಡು," ಅಂದ ಗ್ಯಾರೆಟ್. ಡೆಲ್‌ನ ಕೈಯಿಂದ ಕೀ ತೆಗೆದುಕೊಂಡು ಪೆಟ್ಟಿಗೆಯೊಂದಿಗೆ ಒಬ್ಬನೇ ಮೆಟ್ಟಿಲಿಳಿದ.

ಅಕ್ಕ ತಮ್ಮ ಇಬ್ಬರೂ ಕಿಟಕಿಗೆ ಅಂಟಿಕೊಂಡರು. ಗ್ಯಾರೆಟ್ ಕಾರಿನ ಹಿಂಬದಿ ಎತ್ತಿ ಪೆಟ್ಟಿಗೆ ಇಟ್ಟ. ಮುಚ್ಚಲಿಲ್ಲ. ಒಂದು ಬಾಟಲಿಯನ್ನು ಹೊರಗೆ ತೆಗೆದ. ಲೋರ್ನಾ ತಮ್ಮನ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡಳು. ಕಾರಿನ ಕೀ ಅವನ ಹತ್ತಿರವೇ ಇದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಗ್ಯಾರೆಟ್ ಬಾಟಲಿಯನ್ನು ಬೆಳಕಿಗೆ ಹಿಡಿದು, ಚೀಟಿಯ ಮೇಲಿದ್ದುದನ್ನು ನಿಧಾನವಾಗಿ ಓದಿದ. ಓದಿ, ಇದ್ದಲ್ಲೇ ಇಟ್ಟು, ಮುಚ್ಚಿ, ಕೈ ಉಜ್ಜಿಕೊಳ್ಳುತ್ತಾ ವಾಪಸ್ಸು ಬಂದ.

"ಕ್ಯಾಬರ್ನೆ ಫ್ರಾಂಕ್ ಒಳ್ಳೇದು ಆರಿಸಿದ್ದೆ ಮಾಮ," ಎಂದು ಕೀ ಕೊಟ್ಟ. ಲೋರ್ನಾ ಅಡುಗೆಮನೆಗೆ ಓಡಿಹೋಗಿ ಪಾತ್ರೆ ಸದ್ದು ಮಾಡಿದಳು.

ಊಟಕ್ಕೆ ಕೂತರು. ಲೋಟಗಳಿಗೆ ಪಕ್ಕದ ತೋಟದ ಸೇಬಿನ ರಸ ಬಂತು. ಡೆಲ್ ಲೋಟ ಎತ್ತಿದವನೇ ಗಿರಗಿರ ತಿರುಗಿಸಿ ಮೂಗು ಇಳಿಬಿಟ್ಟ. ಗ್ಯಾರೆಟ್‌ಗೆ ನಗು ತಡೆಯಲಾಗಲಿಲ್ಲ.

"ಏನು ವಾಸನೆ ಬಂತು ಮಾಮ?"

"ಸೇಬಿಂದು," ಅಂದ ಡೆಲ್ ಪೆಚ್ಚಾಗಿ. ಮೂವರೂ ನಕ್ಕರು. ಡೆಲ್ ಟರ್ಕಿಯ ತುಂಡು ಬಾಯಿಗಿಟ್ಟು ಅಗಿದ. ಅಗಿದೇ ಅಗಿದ.

"ಲೋರ್ನಾ, ಬೇಜಾರು ಮಾಡ್ಕೋಬೇಡ, ಈ ಸಲ ಕೋಳಿ ಸ್ವಲ್ಪ ಒಣಗಿದೆ."

"ಪ್ರತಿ ಸಲಾನೂ ಒಣಗಿರುತ್ತೆ ಕಣೋ. ನೀನು ಅದನ್ನ ಯಾವತ್ತು ಬರೀ ಬಾಯಲ್ಲಿ ತಿಂದಿದೀಯ?"

ಗ್ಯಾರೆಟ್ ನಗು ನಿಲ್ಲಿಸಿ ಮಾವನನ್ನೇ ನೋಡಿದ. "ಹೌದು ಮಾಮ, ಲೋಟ ಇಲ್ಲದೆ ನೀನು ಊಟ ಮಾಡಿ ಎಷ್ಟು ದಿನ ಆಯ್ತು?"

"ನಾನೇನು ಕುಡುಕನಾ? ನಂದು ಕೆಲಸ ಕಣೋ, ರುಚಿ ನೋಡೋದು!" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಕುಡುಕ ಅಂತ ನಾನಂದ್ನಾ? ಎಷ್ಟು ದಿನ ಅಂತ ಕೇಳ್ದೆ ಅಷ್ಟೆ."

ಹುಡುಗನ ದನಿಯಲ್ಲಿ ಕೊಂಕಿರಲಿಲ್ಲ. ತಿಳಿಯುವ ಆಸೆ ಇತ್ತು, ಬರೀ ಅದೇ. ಅಂಥ ಪ್ರಶ್ನೆಗೆ ಉತ್ತರ ಹುಡುಕದೆ ಇರುವುದು ಡೆಲ್‌ನ ಜಾಯಮಾನವಲ್ಲ. ಚಮಚ ಕೆಳಗಿಟ್ಟು ಹುಡುಕಿದ. ಮಾರ್ಚಿನಲ್ಲಿ ಜ್ವರ ಬಂದು ಮಲಗಿದ್ದ ವಾರ? ಬಿಸಿ ಮಾಡಿದ ಕೆಂಪು ವೈನ್, ಲವಂಗ ಹಾಕಿ. ಭಾವ ತೀರಿಕೊಂಡ ದಿನ? ಅವತ್ತು ಇನ್ನೂ ಹೆಚ್ಚು. ಹರ್ನಿಯಾ ಆಪರೇಷನ್ ಆದಾಗ ಮಾರ್ಜ್ ಥರ್ಮಾಸಿನಲ್ಲಿ ತಂದುಕೊಟ್ಟಿದ್ದಳು, ನರ್ಸಿಗೆ ಟೀ ಅಂತ ಹೇಳಿ. ಹಿಂದಕ್ಕೆ ಹೋದ, ಇನ್ನೂ ಹಿಂದಕ್ಕೆ ಹೋದ. ಯಾವ ವರ್ಷ ಯಾವ ತೋಟದ ದ್ರಾಕ್ಷಿಗೆ ಎಷ್ಟು ಮಳೆ ಬಿತ್ತು ಎಂಬುದು ಬೆರಳ ತುದಿಯಲ್ಲಿತ್ತು. ಖಾಲಿ ಲೋಟದ ಒಂದು ದಿನ ಮಾತ್ರ ಸಿಗಲಿಲ್ಲ. ಅವನಿಗೆ ಭಯವಾಯಿತು.

"ಗೊತ್ತಿಲ್ಲ ಕಣೋ," ಅಂದ.

ಲೋರ್ನಾ ತಲೆ ತಗ್ಗಿಸಿ ತಟ್ಟೆಯಲ್ಲಿದ್ದುದನ್ನು ಕಲಸುತ್ತಿದ್ದಳು. ಗ್ಯಾರೆಟ್ ಆಲೂಗಡ್ಡೆಯ ಬಟ್ಟಲನ್ನು ಮಾವನ ಕಡೆ ಸರಿಸಿದ.

"ನಾಳೆ ಬೆಳಿಗ್ಗೆ ಫೋನ್ ಮಾಡಿ ಇದನ್ನೇ ಕೇಳ್ತೀನಿ. ಒಂದು ದಿನ ಅಂತ ಹೇಳು, ಸಾಕು."

ಡೆಲ್ ಬಟ್ಟಲು ತೆಗೆದುಕೊಂಡ, ಬಡಿಸಿಕೊಳ್ಳಲಿಲ್ಲ. ಕಿಟಕಿಯ ಆಚೆ ಆರು ಬಾಟಲಿ ಹೊತ್ತ ಅವನ ಕಾರು ನಿಂತಿತ್ತು.

"ಬೆಳಿಗ್ಗೆವರೆಗೆ ಕಾಯ್ಬೇಡ," ಅಂದ. "ನಾನು ಮನೆ ಮುಟ್ಟಿದ ತಕ್ಷಣ ಮಾಡು."